ಆರು ಗೇಟು, ಆರು ದನಿ: ಲಾಜಿಕ್ ಐಸಿಯಲ್ಲಿ ಆಸಿಲೇಟರ್ ಕಟ್ಟುವ ಬಗೆ

ಒಂದು ಐಸಿ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ. ದನಿ ಹುಟ್ಟಲು ಇಷ್ಟು ಸಾಕು. ಬೆಸುಗೆ ಬೇಡ, ಪ್ಲಸ್-ಮೈನಸ್ ಎರಡೂ ಕೊಡುವ ಪವರ್ ಸಪ್ಲೈ ಬೇಡ, ಪ್ರೋಗ್ರಾಂ ಬರೆಯುವ ಗೊಡವೆಯಂತೂ ಇಲ್ಲವೇ ಇಲ್ಲ. ಸಿಂಥಸೈಸರ್ ಕಟ್ಟುತ್ತೇನೆಂದು ಹೊರಟವರು ಸರ್ಕ್ಯೂಟ್ ನಕ್ಷೆ ನೋಡಿಯೇ ಸುಸ್ತಾಗುವುದುಂಟು. ನಾನೂ ಒಂದೆರಡು ವರ್ಷ ಬರೀ ನಕ್ಷೆಗಳನ್ನು ಕೂಡಿಹಾಕಿದವನೇ. ಕೊನೆಗೆ ಒಂದು ರಾತ್ರಿ ಡ್ರಾಯರಿನ ಮೂಲೆಯಲ್ಲಿದ್ದ ಸಿಡಿ40106 ಕೈಗೆ ಸಿಕ್ಕಿತು. ಹತ್ತು ನಿಮಿಷದಲ್ಲಿ 'ಕೀಂ' ಎಂದಿತು. ನಕ್ಷೆ ಕೂಡಿಹಾಕುವ ಚಟ ಅಲ್ಲಿಗೆ ಬಿಟ್ಟುಹೋಯಿತು.

ಈ ಐಸಿಯನ್ನು ಯಾರೂ ಸಂಗೀತಕ್ಕೆಂದು ಮಾಡಲಿಲ್ಲ. 1968ರಲ್ಲಿ ಆರ್‌ಸಿಎ ಕಂಪನಿ ಶುರುಮಾಡಿದ 4000 ಸರಣಿಯ ಮನೆತನದ್ದು ಇದು. ಹೌದು-ಇಲ್ಲ ಎಂಬ ಲೆಕ್ಕ ನೋಡಿಕೊಳ್ಳುವುದಷ್ಟೇ ಇದರ ಕಸುಬು. ಆ ಗುಮಾಸ್ತನನ್ನು ಹಾಡಿಸುವುದು ನಮ್ಮ ಕೆಲಸ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿದ್ದ ತಾಳವಾದಕ ಸ್ಟ್ಯಾನ್ಲಿ ಲುನೆಟ್ಟಾ ಇಂಥ ಲಾಜಿಕ್ ಚಿಪ್‌ಗಳಿಂದ ಶಬ್ದ ಹೊರಡಿಸುವ ಶಿಲ್ಪಗಳನ್ನೇ ಕಟ್ಟಿದ. ಹವ್ಯಾಸಿಗಳು ಈ ಬಗೆಯ ಸರ್ಕ್ಯೂಟನ್ನು ಇವತ್ತಿಗೂ 'ಲುನೆಟ್ಟಾ' ಎಂದೇ ಕರೆಯುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಸಿಲೇಟರ್, ಅಂದರೆ ತನ್ನಷ್ಟಕ್ಕೆ ಮೇಲೆ-ಕೆಳಗೆ ಆಡುತ್ತಾ ದನಿ ಹುಟ್ಟಿಸುವ ಸರ್ಕ್ಯೂಟ್, ಕಟ್ಟುವುದು ಮಕ್ಕಳಾಟ. ಒಂದು ಆಸಿಲೇಟರಿನ ಬಾಲವನ್ನು ಇನ್ನೊಂದರ ಮೂಗಿಗೆ ಕಟ್ಟಿದಾಗಲೇ ನಿಜವಾದ ಮಜಾ. ಹಾಗಾಗಿ ಮೊದಲ ಭಾಗವನ್ನು ಬೇಗ ಮುಗಿಸಿಕೊಂಡು, ಎರಡನೆಯದರಲ್ಲಿ ಹೊತ್ತು ಕಳೆಯಿರಿ.

ಬೇಕಾದ ಸಾಮಾನು

ಸಿಡಿ40106 ಐಸಿ ಎರಡು ಮೂರು ಇರಲಿ, ಒಂದನ್ನು ಸುಟ್ಟೇ ಸುಡುತ್ತೀರಿ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಕಾಲು ಚುಚ್ಚಿ ಕೂರಿಸುವ ತೂತಿನ ಹಲಗೆ), ಒಂದಿಷ್ಟು ಜಂಪರ್ ವೈರು, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹತ್ತಾರು ತೆಗೆದಿಟ್ಟುಕೊಳ್ಳಿ, ಎಲ್ಲೆಡೆ ಬೇಕಾಗುತ್ತದೆ. ಅದರ ಮೈಮೇಲೆ 104 ಎಂದು ಬರೆದಿರುತ್ತದೆ: 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪೀಕೋಫ್ಯಾರಡ್. ಇದೇ ಲೆಕ್ಕದಲ್ಲಿ 103 ಎಂದರೆ 0.01 ಮೈಕ್ರೋಫ್ಯಾರಡ್, 105 ಎಂದರೆ 1 ಮೈಕ್ರೋಫ್ಯಾರಡ್. ರೆಸಿಸ್ಟರ್‌ಗಳಲ್ಲಿ 2.2 ಕಿಲೋಓಮ್, 10 ಕಿಲೋಓಮ್, 27 ಕಿಲೋಓಮ್, 100 ಕಿಲೋಓಮ್ ಮತ್ತು 1 ಮೆಗಾಓಮ್ ಇದ್ದರೆ ನಡೆಯುತ್ತದೆ. 1 ಮೆಗಾಓಮ್ ಪಾಟ್ (ಗುಬ್ಬಿ, ಅಂದರೆ ನಾಬ್, ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್) ಎರಡು ಮೂರು, 1ಎನ್4148 ಡಯೋಡ್ ನಾಲ್ಕಾರು, ಪೀಜೋ ಬಿಲ್ಲೆ (ಕರೆಂಟ್ ಕೊಟ್ಟರೆ ನಡುಗಿ ಸದ್ದು ಮಾಡುವ ತೆಳು ತಟ್ಟೆ) ಒಂದು. ಮಲ್ಟಿಮೀಟರ್ ಇಲ್ಲದೆಯೂ ಶುರು ಮಾಡಬಹುದು, ಆದರೆ ಸಂಜೆಯೊಳಗೆ ಬೇಕೆನಿಸುತ್ತದೆ.

ಅಂಗಡಿಯಲ್ಲಿ 40106 ಕೇಳಿದರೆ 74ಎಚ್‌ಸಿ14 ಕೊಟ್ಟಾರು. ಪಿನ್ ಜೋಡಣೆ ಒಂದೇ, ಕೆಲಸವೂ ಒಂದೇ. ಆದರೆ ಅದು 2ರಿಂದ 6 ವೋಲ್ಟ್‌ಗೆ ಮಾತ್ರ. 9 ವೋಲ್ಟ್ ಬ್ಯಾಟರಿ ಕೊಟ್ಟರೆ ಅಲ್ಲಿಗೆ ಅದರ ಕತೆ ಮುಗಿಯಿತು. 40106 ಮಾತ್ರ 3ರಿಂದ 15 ವೋಲ್ಟ್‌ವರೆಗೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಈ ಬರಹದ ಲೆಕ್ಕವೆಲ್ಲ 40106 ಮತ್ತು 9 ವೋಲ್ಟ್‌ನದು.

ಒಳಗೆ ಏನು ನಡೆಯುತ್ತದೆ

40106ರ ಹೊಟ್ಟೆಯಲ್ಲಿ ಆರು ಇನ್ವರ್ಟರ್‌ಗಳಿವೆ. ಬ್ಯಾಟರಿ ಪೆಟ್ಟಿಗೆಯ ಇನ್ವರ್ಟರ್ ಅಲ್ಲ, ಹೇಳಿದ್ದಕ್ಕೆಲ್ಲ ಉಲ್ಟಾ ಹೊಡೆಯುವ ಗೇಟು. ಇನ್‌ಪುಟ್ ಮೇಲಿದ್ದರೆ ಔಟ್‌ಪುಟ್ ಕೆಳಗೆ, ಇನ್‌ಪುಟ್ ಕೆಳಗಿದ್ದರೆ ಔಟ್‌ಪುಟ್ ಮೇಲೆ. ಇದು ಬರೀ ಇನ್ವರ್ಟರ್ ಕೂಡ ಅಲ್ಲ, ಶ್ಮಿಟ್ ಟ್ರಿಗರ್ ಇನ್ವರ್ಟರ್. ಇದಕ್ಕೆ ಎರಡು ಹೊಸ್ತಿಲು. ಇನ್‌ಪುಟ್ ಏರುತ್ತಾ ಬಂದರೆ ಸುಮಾರು 5.3 ವೋಲ್ಟ್ ದಾಟುವವರೆಗೆ 'ಮೇಲಿದೆ' ಎಂದು ಒಪ್ಪುವುದಿಲ್ಲ. ಒಮ್ಮೆ ಒಪ್ಪಿತೆಂದರೆ, ಇಳಿಯುತ್ತಾ ಸುಮಾರು 3.5 ವೋಲ್ಟ್‌ಗೆ ಬರುವವರೆಗೆ 'ಕೆಳಗಿದೆ' ಎಂದೂ ಒಪ್ಪುವುದಿಲ್ಲ. ನೀರಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ನೆನಪಿಸಿಕೊಳ್ಳಿ. ನೀರು ಕೆಳಗಿನ ಗುರುತಿಗೆ ಇಳಿದಾಗ ಪಂಪ್ ಶುರು, ಮೇಲಿನ ಗುರುತಿಗೆ ಏರಿದಾಗ ಬಂದ್. ನಡುವಿನ ಜಾಗದಲ್ಲಿ ಮೊದಲಿದ್ದ ಸ್ಥಿತಿಯೇ ಮುಂದುವರಿಯುತ್ತದೆ.

ಈಗ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ರೆಸಿಸ್ಟರ್, ಇನ್‌ಪುಟ್ಟಿನಿಂದ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ ಸಾಲಿಗೆ, ಒಂದು ಕೆಪಾಸಿಟರ್ ಹಾಕಿ. ಕೆಪಾಸಿಟರ್ ಖಾಲಿ ಇದೆ, ಅಂದರೆ ಇನ್‌ಪುಟ್ ಕೆಳಗಿದೆ, ಔಟ್‌ಪುಟ್ ಮೇಲಿದೆ. ಆ 9 ವೋಲ್ಟ್ ರೆಸಿಸ್ಟರಿನ ಮೂಲಕ ಕೆಪಾಸಿಟರನ್ನು ತುಂಬುತ್ತದೆ. ಮೇಲಿನ ಹೊಸ್ತಿಲು ಮುಟ್ಟಿದೊಡನೆ ಗೇಟು ತಿರುಗಿಬೀಳುತ್ತದೆ, ಔಟ್‌ಪುಟ್ ಸೊನ್ನೆಗೆ ಇಳಿಯುತ್ತದೆ. ಈಗ ಅದೇ ರೆಸಿಸ್ಟರಿನ ಮೂಲಕ ಕೆಪಾಸಿಟರ್ ಖಾಲಿಯಾಗುತ್ತಾ ಹೋಗುತ್ತದೆ. ಕೆಳಗಿನ ಹೊಸ್ತಿಲಿಗೆ ಬಂತು, ಮತ್ತೆ ತಿರುಗಿತು. ಬ್ಯಾಟರಿ ಇರುವವರೆಗೆ ಇದೇ ಜಗಳ. ಹೊಸ್ತಿಲು ಒಂದೇ ಇದ್ದಿದ್ದರೆ ಗೇಟು ಅದರ ಮೇಲೇ ತೂರಾಡುತ್ತಾ ನಿಂತುಬಿಡುತ್ತಿತ್ತು. ನಮ್ಮ ದನಿಯೆಲ್ಲ ಹುಟ್ಟುವುದು ಆ ಎರಡು ಹೊಸ್ತಿಲುಗಳ ನಡುವಿನ ಅಂತರದಲ್ಲಿ.

ಓಟೊ ಶ್ಮಿಟ್ ಎಂಬಾತ ಈ ಎರಡು ಹೊಸ್ತಿಲಿನ ಸರ್ಕ್ಯೂಟನ್ನು 1934ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ರೇಡಿಯೋ ವಾಲ್ವ್‌ಗಳಿಂದ ಕಟ್ಟಿದ. ಆಗ ಆತ ತಲೆಕೆಡಿಸಿಕೊಂಡಿದ್ದದ್ದು ಸ್ಕ್ವಿಡ್ ಎಂಬ ಸಮುದ್ರಜೀವಿಯ ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆ ಎಂಬುದರ ಬಗ್ಗೆ. ನಮ್ಮ 'ಕೀಂ' ಶಬ್ದದ ಮೂಲ ಅಲ್ಲಿದೆ.

ಮೊದಲ ದನಿ

ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇರುತ್ತದೆ. ಅದು ನಿಮ್ಮ ಎಡಗಡೆಗೆ ಬರುವಂತೆ ಹಿಡಿಯಿರಿ. ಕೆಳಗಿನ ಸಾಲಿನ ಎಡತುದಿ 1ನೇ ಪಿನ್, ಬಲತುದಿ 7. ಅಲ್ಲಿಂದ ಮೇಲಿನ ಸಾಲಿಗೆ ಹತ್ತಿ ಬಲದಿಂದ ಎಡಕ್ಕೆ 8ರಿಂದ 14. ಆರು ಗೇಟುಗಳು ಹೀಗೆ: 1 ಇನ್‌ಪುಟ್, 2 ಔಟ್‌ಪುಟ್. ಹಾಗೆಯೇ 3ರಿಂದ 4ಕ್ಕೆ, 5ರಿಂದ 6ಕ್ಕೆ. ಮೇಲಿನ ಸಾಲಿನಲ್ಲಿ 9ರಿಂದ 8ಕ್ಕೆ, 11ರಿಂದ 10ಕ್ಕೆ, 13ರಿಂದ 12ಕ್ಕೆ. ಮೇಲಿನ ಸಾಲು ಉಲ್ಟಾ ಓಡುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ನಾನು ಇವತ್ತಿಗೂ ಅದನ್ನು ನೋಡಿಕೊಂಡೇ ವೈರು ಹಾಕುತ್ತೇನೆ.

1. ಬ್ರೆಡ್‌ಬೋರ್ಡಿನ ನಡುಗಾಲುವೆಗೆ ಅಡ್ಡಲಾಗಿ ಐಸಿ ಕೂರಿಸಿ. ಹೊಸ ಐಸಿಯ ಕಾಲು ಸ್ವಲ್ಪ ಅಗಲವಾಗಿರುತ್ತದೆ. ಟೇಬಲ್ಲಿಗೆ ಒತ್ತಿ ಎರಡೂ ಬದಿ ಮೆಲ್ಲಗೆ ಒಳಕ್ಕೆ ಬಗ್ಗಿಸಿ.
2. 14ನೇ ಪಿನ್ ಪ್ಲಸ್ ಸಾಲಿಗೆ, 7ನೇ ಪಿನ್ ಗ್ರೌಂಡಿಗೆ.
3. ಐಸಿಗೆ ಆದಷ್ಟು ಹತ್ತಿರ, 14 ಮತ್ತು 7ರ ನಡುವೆ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್.
4. 3, 5, 9, 11, 13 ಇವಿಷ್ಟನ್ನೂ ಗ್ರೌಂಡಿಗೆ ಹಾಕಿ.
5. 2ರಿಂದ 1ಕ್ಕೆ 27 ಕಿಲೋಓಮ್ ರೆಸಿಸ್ಟರ್.
6. 1ರಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್.
7. ಪೀಜೋ ಬಿಲ್ಲೆಯ ಒಂದು ವೈರು 2ಕ್ಕೆ, ಇನ್ನೊಂದು ಗ್ರೌಂಡಿಗೆ. ಬ್ಯಾಟರಿ ಕೊಡಿ.

ನಾಲ್ಕನೇ ಹಂತವನ್ನು ಹಾರಿಸಬೇಡಿ. ಬಳಸದ ಇನ್‌ಪುಟ್ ತೇಲುತ್ತಾ ಬಿಟ್ಟರೆ ಗಾಳಿಯಲ್ಲಿರುವ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೆಲ್ಲ ಹಿಡಿದು ಆ ಗೇಟು ತನ್ನಪಾಡಿಗೆ ಕುಣಿಯುತ್ತದೆ, ಪಕ್ಕದ ಗೇಟಿನ ದನಿಯನ್ನೂ ಕೆಡಿಸುತ್ತದೆ. ಆದರೆ ಗ್ರೌಂಡಿಗೆ ಕಟ್ಟಬೇಕಾದ್ದು ಇನ್‌ಪುಟ್ಟನ್ನು ಮಾತ್ರ. ಇನ್‌ಪುಟ್ ಕೆಳಗಿರುವಾಗ ಔಟ್‌ಪುಟ್ 9 ವೋಲ್ಟ್‌ನಲ್ಲಿರುತ್ತದೆ. ಅದನ್ನೂ ಗ್ರೌಂಡಿಗೆ ಕಟ್ಟಿದರೆ ನೇರ ಶಾರ್ಟ್.

ಬಿಲ್ಲೆಯಿಂದ ಸಣ್ಣ, ಮೂಗಿನಲ್ಲಿ ಹಾಡಿದಂಥ ದನಿ ಬಂದಿರಬೇಕು. ಬಿಲ್ಲೆಯನ್ನು ಖಾಲಿ ಡಬ್ಬಿಯ ಮುಚ್ಚಳಕ್ಕೆ ಒತ್ತಿ ಹಿಡಿಯಿರಿ, ಎರಡರಷ್ಟು ಜೋರಾಗುತ್ತದೆ. ಮುಚ್ಚಳ ಬದಲಿಸಿದರೆ ದನಿಯ ಬಣ್ಣವೂ ಬದಲಾಗುತ್ತದೆ.

ಸ್ಪೀಕರಿಗೆ ಕೊಡುವ ಮುನ್ನ

ಈ ಔಟ್‌ಪುಟ್ ಸೊನ್ನೆಯಿಂದ 9 ವೋಲ್ಟ್‌ವರೆಗೆ ಜಿಗಿಯುವ ಚೌಕಾಲೆ, ಅಂದರೆ ಚೌಕಾಕಾರದ ಅಲೆ. ಆಂಪ್ಲಿಫೈಯರಿನ ಲೈನ್ ಇನ್‌ಪುಟ್ಟಿಗೆ ಇದು ಹತ್ತು ಪಾಲು ಹೆಚ್ಚು. ಹೆಡ್‌ಫೋನನ್ನಂತೂ ನೇರವಾಗಿ ಸಿಕ್ಕಿಸಬೇಡಿ, ಕಿವಿಯ ಮೇಲಿಟ್ಟುಕೊಂಡು ಸಿಕ್ಕಿಸುವುದು ಇನ್ನೂ ಬೇಡ. 2ನೇ ಪಿನ್ನಿನಿಂದ 100 ಕಿಲೋಓಮ್, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕಿ. ಇವೆರಡೂ ಸೇರುವ ಜಾಗದಲ್ಲಿ 0.8 ವೋಲ್ಟ್ ಸಿಗುತ್ತದೆ. ಅಲ್ಲಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿಸಿ ಆಂಪ್ಲಿಫೈಯರಿಗೆ ಕೊಡಿ. ವಾಲ್ಯೂಮ್ ಮೊದಲು ಪೂರ್ತಿ ಕೆಳಗಿರಲಿ. ಎಷ್ಟೋ ದಿನ ಬ್ಯಾಟರಿ ಮೇಲೆ ಓಡುವ ಚಿಕ್ಕ ಗಿಟಾರ್ ಆಂಪ್ಲಿಫೈಯರಿನಲ್ಲೇ ನಾನು ಕೆಲಸ ನಡೆಸಿದ್ದೇನೆ, ಏನೂ ಕೊರತೆಯಾಗಲಿಲ್ಲ.

ಚೌಕಾಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ 3, 5, 7 ಪಟ್ಟಿನ ಸ್ವರಗಳೂ ಇರುತ್ತವೆ. ಕ್ಲಾರಿನೆಟ್ಟಿನ ಪೊಳ್ಳು ದನಿ ನೆನಪಾಗುವುದು ಅದಕ್ಕೇ. ಕಿವಿಗೆ ಚುಚ್ಚುತ್ತಿದೆ ಎನಿಸಿದರೆ ಆ ಎರಡು ರೆಸಿಸ್ಟರ್ ಸೇರುವ ಜಾಗದಿಂದ ಗ್ರೌಂಡಿಗೆ ಒಂದು 0.01 ಮೈಕ್ರೋಫ್ಯಾರಡ್ ಹಾಕಿ. ಸುಮಾರು 1,750 ಹರ್ಟ್ಜ್‌ನಿಂದ ಮೇಲಿನದೆಲ್ಲ ಮೆತ್ತಗಾಗುತ್ತದೆ.

ಸ್ವರದ ಲೆಕ್ಕ, ಗುಬ್ಬಿಯ ತಕರಾರು

ಲೆಕ್ಕ ಒಂದೇ ಸಾಲು: 1.2ನ್ನು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧದಿಂದ ಭಾಗಿಸಿ. ರೆಸಿಸ್ಟರ್ ಮೆಗಾಓಮ್‌ನಲ್ಲಿ, ಕೆಪಾಸಿಟರ್ ಮೈಕ್ರೋಫ್ಯಾರಡ್‌ನಲ್ಲಿ ಇದ್ದರೆ ಉತ್ತರ ನೇರ ಹರ್ಟ್ಜ್‌ನಲ್ಲಿ ಬರುತ್ತದೆ. ನಾವು ಹಾಕಿದ್ದು 0.027 ಮತ್ತು 0.1. ಗುಣಿಸಿದರೆ 0.0027, ಭಾಗಿಸಿದರೆ 444 ಹರ್ಟ್ಜ್. ವಾದ್ಯ ಶ್ರುತಿ ಮಾಡಲು ಬಳಸುವ 440ಕ್ಕೆ ಕೂಗಳತೆಯ ದೂರ. ಇದನ್ನು ಅಂದಾಜು ಎಂದೇ ಹಿಡಿಯಿರಿ. ಹೊಸ್ತಿಲುಗಳು ಒಂದು ಐಸಿಯಿಂದ ಇನ್ನೊಂದಕ್ಕೆ ಗಣನೀಯವಾಗಿ ಬದಲಾಗುತ್ತವೆ. ನಿಮ್ಮದು 380 ಬಂದರೂ 520 ಬಂದರೂ ನೀವೇನೂ ತಪ್ಪು ಮಾಡಿಲ್ಲ.

ಸ್ಥಿರ ರೆಸಿಸ್ಟರ್ ತೆಗೆದು ಆ ಜಾಗದಲ್ಲಿ 1 ಮೆಗಾಓಮ್ ಪಾಟ್, ಅದರ ಹಿಂದೆ ಸಾಲಾಗಿ 10 ಕಿಲೋಓಮ್ ಹಾಕಿ. ಪಾಟ್ ಸೊನ್ನೆಗೆ ಬಂದಾಗ ಔಟ್‌ಪುಟ್ ನೇರವಾಗಿ ಕೆಪಾಸಿಟರಿಗೆ ಬಡಿಯದಂತೆ ತಡೆಯುವುದು ಆ 10 ಕಿಲೋಓಮ್. ಈಗ 12 ಹರ್ಟ್ಜ್‌ನಿಂದ 1,200 ಹರ್ಟ್ಜ್‌ವರೆಗೆ ಸಿಗಬೇಕು. ಕೆಳತುದಿಯಲ್ಲಿ ದನಿ ಇರುವುದಿಲ್ಲ, ಟಕಟಕ ಎಂಬ ಬಡಿತ. ಮೆಲ್ಲಗೆ ತಿರುಗಿಸಿ. 20 ಹರ್ಟ್ಜ್ ಆಸುಪಾಸಿನಲ್ಲಿ ಬಡಿತಗಳು ಒಂದಕ್ಕೊಂದು ಅಂಟಿಕೊಂಡು ಗೊಗ್ಗರು ದನಿಯಾಗುವುದನ್ನು ಕೇಳಿ. ತಾಳ ಸ್ವರವಾಗುವ ಜಾಗ ಅದು. ನಾನಂತೂ ಅಲ್ಲೇ ಅರ್ಧ ಗಂಟೆ ಕೂತುಬಿಡುತ್ತೇನೆ.

ತಿರುಗಿಸುವಾಗ ಒಂದು ಕಿರಿಕಿರಿ ಗಮನಕ್ಕೆ ಬರುತ್ತದೆ. ಮಾಮೂಲಿ ಲೀನಿಯರ್ ಪಾಟಿನಲ್ಲಿ, ಅಂದರೆ ಬಿ ಎಂದು ಬರೆದಿರುವುದರಲ್ಲಿ, ಅರ್ಧ ತಿರುಗಿಸಿದರೂ 24 ಹರ್ಟ್ಜ್‌ನಲ್ಲೇ ಇರುತ್ತೀರಿ. ಹಾಡುವ ಸ್ವರಗಳೆಲ್ಲ ಕೊನೆಯ ಚಿಟಿಕೆಯಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಎ ಎಂದು ಬರೆದಿರುವ ಲಾಗ್ ಪಾಟ್ ತನ್ನಿ. ಗುಬ್ಬಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ಸೊನ್ನೆ ಬರುವಂತೆ ನಡುಕಾಲು ಮತ್ತು ಒಂದು ಪಕ್ಕದ ಕಾಲು ಬಳಸಿ. ಸ್ವರಗಳು ಈಗ ಗುಬ್ಬಿಯ ಉದ್ದಕ್ಕೂ ಹರಡಿಕೊಳ್ಳುತ್ತವೆ. ಬಲಕ್ಕೆ ತಿರುಗಿಸಿದರೆ ಸ್ವರ ಇಳಿಯುತ್ತದೆ, ಅಷ್ಟೇ. ಬಲಕ್ಕೆ ಏರಲೇಬೇಕು ಎನ್ನುವವರು ಸಿ ಬಗೆಯ ಪಾಟ್ ಹುಡುಕಬೇಕು. ನಾನು ಹುಡುಕುವುದು ಬಿಟ್ಟು ಉಲ್ಟಾ ಗುಬ್ಬಿಗೇ ಒಗ್ಗಿಕೊಂಡೆ.

ಪಾಟ್ ಇರುವ ಜಾಗದಲ್ಲಿ ಏನನ್ನು ಬೇಕಾದರೂ ಇಡಬಹುದು. ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ಬೆಲೆ ಇಳಿಯುವ ರೆಸಿಸ್ಟರ್) ಇಟ್ಟರೆ ಅದರ ಮೇಲೆ ಕೈ ಆಡಿಸಿದಂತೆ ಸ್ವರ ಏರಿಳಿಯುತ್ತದೆ. ಎರಡು ನಾಣ್ಯಗಳಿಗೆ ವೈರು ಕಟ್ಟಿ ಎರಡು ಬೆರಳು ಒತ್ತಿದರೆ ನಿಮ್ಮ ಚರ್ಮವೇ ರೆಸಿಸ್ಟರ್. ಜೋರಾಗಿ ಒತ್ತಿದರೆ ದನಿ ಕಿರುಚುತ್ತದೆ, ಬೆರಳು ಒದ್ದೆ ಇದ್ದರೆ ಇನ್ನೂ ಜೋರು. ಹೀಗೆ ಮೈಗೆ ತಾಗುವ ಸರ್ಕ್ಯೂಟನ್ನು ಬ್ಯಾಟರಿಯಲ್ಲಿ ಮಾತ್ರ ಓಡಿಸಿ, ಗೋಡೆಗೆ ಸಿಕ್ಕಿಸುವ ಅಡಾಪ್ಟರ್ ಬೇಡ. ಅದರಿಂದ ಶಬ್ದ ಹೋಗುವ ಆಂಪ್ಲಿಫೈಯರೂ ಬ್ಯಾಟರಿಯದೇ ಆಗಿರಲಿ.

ಆರೂ ಒಟ್ಟಿಗೆ

ಗ್ರೌಂಡಿಗೆ ಕಟ್ಟಿದ್ದ ಇನ್‌ಪುಟ್‌ಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ಗೇಟಿಗೂ ಇದೇ ಜೋಡಣೆ ಮಾಡಿ. ಎಲ್ಲಕ್ಕೂ 0.1 ಹಾಕಬೇಡಿ. ಒಂದಕ್ಕೆ 10 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಹಾಕಿ, ಮೈನಸ್ ಕಾಲು ಗ್ರೌಂಡಿಗೆ. 1 ಮೆಗಾಓಮ್ ಜೊತೆ ಅದರ ಒಂದು ಸುತ್ತಿಗೆ ಸುಮಾರು ಎಂಟು ಸೆಕೆಂಡ್ ಹಿಡಿಯುತ್ತದೆ. ಇನ್ನೊಂದಕ್ಕೆ 1, ಮತ್ತೊಂದಕ್ಕೆ 0.01. ನಿಧಾನದ ಎರಡು ನಮಗೆ ಕೇಳಿಸುವುದಿಲ್ಲ, ಮಿಕ್ಕವನ್ನು ಕುಣಿಸುವುದಕ್ಕೆ ಬೇಕು.

ಔಟ್‌ಪುಟ್‌ಗಳನ್ನು ನೇರವಾಗಿ ಒಂದಕ್ಕೊಂದು ಕಟ್ಟಬಾರದು. ಒಂದು 9 ವೋಲ್ಟ್‌ಗೆ ಎಳೆಯುವಾಗ ಇನ್ನೊಂದು ಸೊನ್ನೆಗೆ ಎಳೆಯುತ್ತಾ ಎರಡೂ ಬಿಸಿಯಾಗುತ್ತವೆ. ಪ್ರತಿಯೊಂದರಿಂದಲೂ 100 ಕಿಲೋಓಮ್ ತಂದು ಒಂದು ಕಡೆ ಸೇರಿಸಿ, ಆ ಜಾಗದಿಂದ ಗ್ರೌಂಡಿಗೆ 2.2 ಕಿಲೋಓಮ್ ಹಾಕಿ. ಆರೂ ಒಟ್ಟಿಗೆ ಮೇಲೇರಿದರೂ 1 ವೋಲ್ಟ್ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿಂದ ಮೊದಲಿನಂತೆ 1 ಮೈಕ್ರೋಫ್ಯಾರಡ್ ಮೂಲಕ ಹೊರಗೆ.

ಎರಡನ್ನು ಸರಿಸುಮಾರು ಒಂದೇ ಸ್ವರಕ್ಕೆ ತನ್ನಿ. ಒಂದು 200, ಇನ್ನೊಂದು 203 ಇದ್ದರೆ ಸೆಕೆಂಡಿಗೆ ಮೂರು ಬಾರಿ ದನಿ ಉಬ್ಬಿ ಇಳಿಯುತ್ತದೆ. ಇನ್ನಷ್ಟು ಹತ್ತಿರ ತರಲು ಹೋದರೆ ಚಳಕ್ಕನೆ ಎರಡೂ ಒಂದಾಗಿಬಿಡುತ್ತವೆ, ಮತ್ತೆ ಬಿಡಿಸಿಕೊಳ್ಳಲು ಒಪ್ಪುವುದಿಲ್ಲ. ಒಂದೇ ಐಸಿಯ ಗೇಟುಗಳು ಒಂದೇ ಸಪ್ಲೈ ಹಂಚಿಕೊಂಡಿರುತ್ತವಲ್ಲ, ಒಂದು ತಿರುಗಿಬಿದ್ದಾಗ ಸಪ್ಲೈ ಚೂರು ನಡುಗುತ್ತದೆ. ಹೊಸ್ತಿಲ ಬಳಿ ನಿಂತಿರುವ ಇನ್ನೊಂದಕ್ಕೆ ಆ ನಡುಕವೇ ತಳ್ಳು. ನಿಮಗೆ ಶುದ್ಧ ಸ್ವರ ಬೇಕಿದ್ದರೆ ಇದು ಕಾಟ. ಆಗ ಎರಡು ದನಿಗಳನ್ನು ಎರಡು ಬೇರೆ ಐಸಿಗೆ ಹಂಚಿ, ಪ್ರತಿಯೊಂದಕ್ಕೂ ಅದರದೇ 0.1 ಕೆಪಾಸಿಟರ್ ಇರಲಿ.

ನನ್ನನ್ನು ಕೇಳಿದರೆ, ಆ ಕಾಟವನ್ನು ಹೆಚ್ಚಿಸಿ. ಬ್ಯಾಟರಿಯ ಪ್ಲಸ್ ಮತ್ತು 14ನೇ ಪಿನ್ ನಡುವೆ 10 ಕಿಲೋಓಮ್ ಪಾಟ್ ಹಾಕಿ ಐಸಿಯನ್ನು ಅರೆಹೊಟ್ಟೆಯಲ್ಲಿಡಿ. ಪಾಟ್ ಏರಿಸುತ್ತಾ ಹೋದಂತೆ ಆರೂ ದನಿಗಳು ಒಂದನ್ನೊಂದು ಎಳೆದಾಡಿ, ತೊದಲಿ, ಒಮ್ಮೆಗೇ ಒಂದು ಸ್ವರಕ್ಕೆ ಬೀಗ ಬಿದ್ದಂತಾಗಿ, ಆಮೇಲೆ ಕಪ್ಪೆಗಳ ಗುಂಪಿನಂತೆ ಒಡೆದು ಹೋಗುತ್ತವೆ. ನಿಲ್ಲಿಸಬೇಕೆನಿಸಿದರೆ ಪಾಟ್ ಸೊನ್ನೆಗೆ ತಂದರೆ ಆಯಿತು, ಮತ್ತೆ ಶಿಸ್ತಿನ ಸಿಪಾಯಿಗಳು.

ಒಂದರ ಬಾಲ ಇನ್ನೊಂದರ ಮೂಗಿಗೆ

ನಿಧಾನದ ಆಸಿಲೇಟರಿನಿಂದ ದನಿಯನ್ನು ಕತ್ತರಿಸೋಣ. 1ಎನ್4148 ಡಯೋಡಿನ ಕಪ್ಪು ಪಟ್ಟಿ ಇರುವ ಕಾಲನ್ನು ನಿಧಾನದವನ ಔಟ್‌ಪುಟ್ಟಿಗೆ, ಇನ್ನೊಂದು ಕಾಲನ್ನು ದನಿಯವನ ಇನ್‌ಪುಟ್ಟಿಗೆ ಹಾಕಿ. ನಿಧಾನದವನ ಔಟ್‌ಪುಟ್ ಕೆಳಗಿಳಿದಾಗ ಡಯೋಡ್ ಆ ಕೆಪಾಸಿಟರನ್ನು ಹಿಡಿದು ಕೆಳಗೇ ಕೂರಿಸುತ್ತದೆ. ದನಿ ಬಂದ್. ಮೇಲೇರಿದಾಗ ಡಯೋಡ್ ದಾರಿ ಬಿಡುತ್ತದೆ. ಪೀಂ... ಪೀಂ... ಪೀಂ... ಪಟ್ಟಿ ಉಲ್ಟಾ ಆದರೂ ಕತ್ತರಿಸುತ್ತದೆ, ಆದರೆ ಮೌನ ಮತ್ತು ದನಿ ಅದಲುಬದಲಾಗುತ್ತವೆ. ಎರಡು ಡಯೋಡ್ ಹಾಕಿ ಎರಡು ನಿಧಾನದವರನ್ನು ಒಂದೇ ದನಿಗೆ ಕಟ್ಟಿದರೆ ತಾಳ ಎಣಿಸಲು ಬೆರಳು ಸಾಲುವುದಿಲ್ಲ.

ಡಯೋಡಿನ ಬದಲು 470 ಕಿಲೋಓಮ್ ರೆಸಿಸ್ಟರ್ ಹಾಕಿ. ಈಗ ದನಿ ನಿಲ್ಲುವುದಿಲ್ಲ, ಎರಡು ಸ್ವರಗಳ ನಡುವೆ ಸೈರನ್ನಿನಂತೆ ಜಿಗಿಯುತ್ತದೆ. ನಿಧಾನದವನನ್ನು ಮೆಲ್ಲಮೆಲ್ಲಗೆ ವೇಗಗೊಳಿಸಿ. 20 ಹರ್ಟ್ಜ್ ದಾಟಿದ ಮೇಲೆ ಜಿಗಿತ ಕೇಳಿಸುವುದಿಲ್ಲ, ದನಿಗೇ ತುಕ್ಕು ಹಿಡಿದಂತಾಗಿ ಗಂಟೆ, ತಗಡು, ಗರಗಸ ಎಲ್ಲ ಬರುತ್ತವೆ. ರೆಸಿಸ್ಟರ್ 1 ಮೆಗಾಓಮ್‌ಗೆ ಏರಿಸಿದರೆ ಪ್ರಭಾವ ಕಡಿಮೆ, 100 ಕಿಲೋಓಮ್‌ಗೆ ಇಳಿಸಿದರೆ ದಬ್ಬಾಳಿಕೆ. ದನಿಯವನ ಸ್ವಂತ ರೆಸಿಸ್ಟರಿಗಿಂತ ಇದು ಚಿಕ್ಕದಾದರೆ ದನಿ ಉಸಿರುಕಟ್ಟಿ ನಿಂತೂಹೋದೀತು.

ಕೊನೆಯವನ ಔಟ್‌ಪುಟ್ಟನ್ನು ಮೊದಲನೆಯವನಿಗೇ ತಂದು ಕಟ್ಟಿ ಸುತ್ತು ಮುಗಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಪ್ರತಿ ಸಲ ಬೇರೆಯೇ ಆಗುತ್ತದೆ.

ಇನ್ನೂ ಮೂರು ಐಸಿ

4093ರಲ್ಲಿ ನಾಲ್ಕು ಶ್ಮಿಟ್ ನ್ಯಾಂಡ್ ಗೇಟುಗಳಿವೆ (ಎರಡೂ ಇನ್‌ಪುಟ್ ಮೇಲಿದ್ದಾಗ ಮಾತ್ರ ಔಟ್‌ಪುಟ್ ಕೆಳಗಿಳಿಯುವ ಗೇಟು), ಒಂದೊಂದಕ್ಕೂ ಎರಡು ಇನ್‌ಪುಟ್. ಮೊದಲ ಗೇಟಿಗೆ 1 ಮತ್ತು 2 ಇನ್‌ಪುಟ್, 3 ಔಟ್‌ಪುಟ್. 3ರಿಂದ 1ಕ್ಕೆ ರೆಸಿಸ್ಟರ್, 1ರಿಂದ ಗ್ರೌಂಡಿಗೆ ಕೆಪಾಸಿಟರ್, ಮೊದಲಿನದೇ ಜೋಡಣೆ. 2ನೇ ಪಿನ್ ಈಗ ನಲ್ಲಿ: ಪ್ಲಸ್‌ಗೆ ತಾಗಿಸಿದರೆ ದನಿ, ಗ್ರೌಂಡಿಗೆ ತಾಗಿಸಿದರೆ ಮೌನ. ಅಲ್ಲಿ ಒಂದು ಒತ್ತುಗುಂಡಿ ಇಟ್ಟು ಪ್ಲಸ್‌ಗೆ ಕಟ್ಟಿ, ಮರೆಯದೆ 100 ಕಿಲೋಓಮ್ ಒಂದನ್ನು ಗ್ರೌಂಡಿಗೆ ಹಾಕಿ. ಹಾಕದಿದ್ದರೆ ಗುಂಡಿ ಬಿಟ್ಟ ಮೇಲೂ ಪಿನ್ ತೇಲುತ್ತಾ, ಕೈ ಹತ್ತಿರ ತಂದಾಗಲೆಲ್ಲ ತಾನೇ ಗುನುಗುತ್ತದೆ. ಬಳಸದ ಇನ್‌ಪುಟ್‌ಗಳ ನಿಯಮ ಇಲ್ಲಿಯೂ ಅದೇ.

4040 ನನ್ನ ಮುದ್ದಿನ ಐಸಿ. 16 ಪಿನ್, 16 ಪ್ಲಸ್, 8 ಗ್ರೌಂಡ್. 11ನ್ನು ಗ್ರೌಂಡಿಗೆ ಕಟ್ಟಿ, 10ಕ್ಕೆ 40106ರ ಒಂದು ಔಟ್‌ಪುಟ್ ಕೊಡಿ. 9ನೇ ಪಿನ್ನಿನಲ್ಲಿ ಅದರ ಅರ್ಧ, 7ರಲ್ಲಿ ಕಾಲು, 6ರಲ್ಲಿ ಎಂಟನೇ ಒಂದು, 5ರಲ್ಲಿ ಹದಿನಾರನೇ ಒಂದು. ಹೀಗೆ ಹನ್ನೆರಡು ಮೆಟ್ಟಿಲು. ಕೊನೆಯದು 1ನೇ ಪಿನ್, ಅಲ್ಲಿ 4,096ನೇ ಒಂದು ಪಾಲು. ಪ್ರತಿ ಮೆಟ್ಟಿಲೂ ಹಿಂದಿನದರಿಂದ ಕರಾರುವಾಕ್ಕಾಗಿ ಒಂದು ಸ್ಥಾಯಿ ಕೆಳಗೆ, ಶ್ರುತಿ ತಪ್ಪುವ ಮಾತೇ ಇಲ್ಲ. 3,520 ಹರ್ಟ್ಜ್ ಕೊಟ್ಟರೆ 1,760, 880, 440, 220 ಸಾಲಾಗಿ ನಿಲ್ಲುತ್ತವೆ. ಹಳೆಯ ಎಲೆಕ್ಟ್ರಾನಿಕ್ ಆರ್ಗನ್‌ಗಳು ಕೆಳಗಿನ ಸ್ಥಾಯಿಗಳನ್ನು ಹುಟ್ಟಿಸುತ್ತಿದ್ದುದೂ ಇದೇ ಭಾಗಾಕಾರದಿಂದ. ನಾಲ್ಕು ಔಟ್‌ಪುಟ್‌ಗಳನ್ನು 100 ಕಿಲೋಓಮ್‌ಗಳಲ್ಲಿ ಕೂಡಿಸಿದರೆ ಒಂದು ಗುಬ್ಬಿ ತಿರುಗಿಸಿದಾಗ ಇಡೀ ಆರ್ಗನ್ ಏರಿಳಿಯುತ್ತದೆ. ತುಂಬ ಕೆಳಗಿನ ಮೆಟ್ಟಿಲೊಂದನ್ನು ಡಯೋಡಿನಲ್ಲಿ ಬೇರೊಂದು ದನಿಗೆ ಕಟ್ಟಿ. ಸ್ವರ ಬದಲಾದಂತೆ ತಾಳವೂ ತಾನಾಗಿ ಅದರ ಹಿಂದೆಯೇ ಓಡುತ್ತದೆ.

4070ರಲ್ಲಿ ನಾಲ್ಕು ಎಕ್ಸ್‌ಆರ್ ಗೇಟು, ಎರಡು ಇನ್‌ಪುಟ್ ಬೇರೆಬೇರೆ ಇದ್ದಾಗ ಮಾತ್ರ ಔಟ್‌ಪುಟ್ ಮೇಲೇರುವಂಥದು. 1 ಮತ್ತು 2ಕ್ಕೆ ಎರಡು ದನಿ ಕೊಟ್ಟು 3ರಿಂದ ತೆಗೆಯಿರಿ. ಎರಡು ಚೌಕಾಲೆಗಳನ್ನು ಗುಣಿಸಿದ ಹಾಗಾಗುತ್ತದೆ, ಅವುಗಳ ಮೊತ್ತ ಮತ್ತು ವ್ಯತ್ಯಾಸದ ಸ್ವರಗಳು ಹೊರಬರುತ್ತವೆ. ಎರಡು ಸ್ವರ ಹತ್ತಿರವಿದ್ದಾಗ ಗಾಳಿ ಬೀಸಿದಂತೆ, ದೂರವಿದ್ದಾಗ ಒಡಕು ಗಂಟೆಯಂತೆ.

ದನಿ ಬಾರದಿದ್ದರೆ

ಮೊದಲು ಐಸಿಯ ಬೆನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ತಕ್ಷಣ ಬ್ಯಾಟರಿ ಕೀಳಿ. ಐಸಿಯನ್ನು ತಿರುಗುಮುರುಗಾಗಿ ಕೂರಿಸಿದರೆ 14 ಇರಬೇಕಾದ ಜಾಗಕ್ಕೆ 7 ಬರುತ್ತದೆ, ಸಪ್ಲೈ ಉಲ್ಟಾ ಆಗುತ್ತದೆ. ನಾನು ಒಮ್ಮೆ ಹಾಗೆ ಮಾಡಿ, 'ಯಾಕೆ ಸುಮ್ಮನಿದೆ' ಎಂದು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ಹೋಗಿ ಬೊಬ್ಬೆ ಎಬ್ಬಿಸಿಕೊಂಡೆ. ಪ್ಲಸ್ ವೈರಿಗೆ ಸಾಲಾಗಿ ಒಂದು 1ಎನ್4001 ಡಯೋಡ್ ಹಾಕಿದರೆ ಬ್ಯಾಟರಿ ಕ್ಲಿಪ್ ಉಲ್ಟಾ ತಾಗಿದಾಗ ಬಚಾವು. ಐಸಿಯೇ ಉಲ್ಟಾ ಇದ್ದರೆ ಆ ಡಯೋಡಿನಿಂದ ಏನೂ ಉಪಯೋಗವಿಲ್ಲ.

ಬಿಸಿ ಇಲ್ಲ, ದನಿಯೂ ಇಲ್ಲ ಎಂದಾದರೆ ಮೀಟರಿನಲ್ಲಿ 14 ಮತ್ತು 7ರ ನಡುವೆ ನೇರ ಐಸಿಯ ಕಾಲುಗಳ ಮೇಲೇ ಇಟ್ಟು ಅಳೆಯಿರಿ. ಉದ್ದದ ಬ್ರೆಡ್‌ಬೋರ್ಡ್ ಕೆಲವದರಲ್ಲಿ ಪವರ್ ಸಾಲು ನಡುವೆ ತುಂಡಾಗಿರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಔಟ್‌ಪುಟ್ಟಿನಲ್ಲಿ ಡಿಸಿ ಅಳೆದಾಗ ನಾಲ್ಕೂವರೆ ವೋಲ್ಟ್ ಆಸುಪಾಸು ತೋರಿಸಿದರೆ ಗೇಟು ಓಡುತ್ತಿದೆ, ತೊಂದರೆ ಮುಂದಿನ ವೈರಿನಲ್ಲಿ. 9 ಅಥವಾ ಸೊನ್ನೆಗೆ ಅಂಟಿಕೊಂಡಿದ್ದರೆ ರೆಸಿಸ್ಟರ್ ಬೇರೆ ಗೇಟಿನ ಪಿನ್ನಿಗೆ ಹೋಗಿರುತ್ತದೆ. ಮೇಲಿನ ಸಾಲಾದರೆ ನೂರಕ್ಕೆ ತೊಂಬತ್ತು ಸಲ ಇದೇ.

ದನಿ ಬಂದೂ ತಪ್ಪಾಗಿರುವ ಒಂದು ಪ್ರಸಂಗವೂ ಉಂಟು. ಎರಡು ಐಸಿಯ ಜೋಡಣೆಯೊಂದರಲ್ಲಿ ಎರಡನೆಯದರ ದನಿ ಯಾವಾಗಲೂ ಸೊರಗಿದಂತೆ, ತೆಳ್ಳಗೆ ಬರುತ್ತಿತ್ತು. ಎರಡು ಸಂಜೆ ಕೆಪಾಸಿಟರ್ ಬದಲಿಸಿದೆ, ರೆಸಿಸ್ಟರ್ ಬದಲಿಸಿದೆ. ಮೂರನೇ ದಿನ ನೋಡಿದರೆ ಅದರ 14ನೇ ಪಿನ್ನಿಗೆ ವೈರೇ ಹಾಕಿರಲಿಲ್ಲ! ಮೊದಲ ಐಸಿಯಿಂದ ಇನ್‌ಪುಟ್ಟಿಗೆ ಬರುತ್ತಿದ್ದ ಸಿಗ್ನಲ್ಲು, ಐಸಿಯೊಳಗೆ ರಕ್ಷಣೆಗೆಂದು ಇಟ್ಟಿರುವ ಡಯೋಡುಗಳ ಮೂಲಕ ಸಪ್ಲೈಗೆ ನುಸುಳಿ, ಆ ಐಸಿ ಕದ್ದ ಕರೆಂಟಿನಲ್ಲೇ ಓಡುತ್ತಿತ್ತು. ವೈರು ಹಾಕಿದ ಮೇಲೆ ದನಿ ಗಟ್ಟಿಯಾಯಿತು. ಆದರೆ ಆ ತೆಳು ದನಿ ಇಷ್ಟವಾಗಿಬಿಟ್ಟಿತ್ತು, ಈಗ ಆ ವೈರಿಗೊಂದು ಸ್ವಿಚ್ ಇದೆ.

ಬೆಸುಗೆ ಹಾಕುವವರಿಗೆ

ಅವಸರ ಮಾಡಬೇಡಿ. ಒಂದು ವಾರ ಬ್ರೆಡ್‌ಬೋರ್ಡಿನ ಮೇಲೇ ಇರಲಿ. ಮೂರನೇ ದಿನಕ್ಕೆ ಯಾವ ಗುಬ್ಬಿಯನ್ನು ಮುಟ್ಟುವುದೇ ಇಲ್ಲ ಎಂಬುದು ಗೊತ್ತಾಗುತ್ತದೆ, ಅದನ್ನು ಬಿಟ್ಟುಬಿಡಿ. ಪೆಟ್ಟಿಗೆಗೆ ತೂತು ಕೊರೆಯುವಾಗ ಪ್ರತಿ ಗೇಟಿನ ಇನ್‌ಪುಟ್ ಮತ್ತು ಔಟ್‌ಪುಟ್ಟಿಗೂ ಒಂದೊಂದು ಸಾಕೆಟ್ಟಿಗೆ ಜಾಗ ಬಿಡಿ, ಬಾಲ-ಮೂಗು ಕಟ್ಟುವ ಆಟ ಪೆಟ್ಟಿಗೆಯ ಹೊರಗಿನಿಂದಲೇ ನಡೆಯಬೇಕು. ಔಟ್‌ಪುಟ್ ಸಾಕೆಟ್ಟಿಗೆ ಹೋಗುವ ದಾರಿಯಲ್ಲಿ 1 ಕಿಲೋಓಮ್ ಇರಲಿ, ಯಾರಾದರೂ ಎರಡು ಔಟ್‌ಪುಟ್ ಒಂದಕ್ಕೊಂದು ಸಿಕ್ಕಿಸಿದರೂ ಐಸಿ ಉಳಿಯುತ್ತದೆ.

ಬೋರ್ಡಿಗೆ ಐಸಿಯನ್ನು ನೇರ ಬೆಸೆಯದೆ ಐಸಿ ಸಾಕೆಟ್ ಬೆಸೆಯಿರಿ. ಬ್ಯಾಟರಿ ಕೊಟ್ಟು, ಖಾಲಿ ಸಾಕೆಟ್ಟಿನ 14 ಮತ್ತು 7ರ ನಡುವೆ ಮೀಟರ್ ಇಡಿ. ಪ್ಲಸ್ ಗುರುತಿನೊಂದಿಗೆ 9 ತೋರಿಸಿದರೆ ಬ್ಯಾಟರಿ ಬಿಚ್ಚಿ, ಕಚ್ಚು ಎಡಕ್ಕಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು ಐಸಿ ಕೂರಿಸಿ.